ಇನ್ನೂ ಮುಗಿಯದ ಧರ್ಮಗ್ರಂಥ

1830ರ ಮಾರ್ಚ್ 26ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಎಂಬ ಸಣ್ಣ ಊರಿನಲ್ಲಿ ಒಂದು ಪುಸ್ತಕ ಮಾರಾಟಕ್ಕೆ ಬಂತು. ಅಚ್ಚು ಹಾಕಿದವನು ಊರಿನ ಮುದ್ರಕ ಎಗ್ಬರ್ಟ್ ಗ್ರ್ಯಾಂಡಿನ್. ಸುಮಾರು 590 ಪುಟ, 5000 ಪ್ರತಿ, ಖರ್ಚು 3000 ಡಾಲರ್. ಅಷ್ಟು ಹಣ ಪುಸ್ತಕ ತಂದವನ ಬಳಿ ಇರಲಿಲ್ಲ. ಮಾರ್ಟಿನ್ ಹ್ಯಾರಿಸ್ ಎಂಬ ಅನುಕೂಲಸ್ಥ ರೈತ ತನ್ನ ಜಮೀನನ್ನು ಅಡವಿಟ್ಟು ಹೊಣೆ ಹೊತ್ತ. ಕೈಬರಹದ ಪ್ರತಿಯಲ್ಲಿ ವಿರಾಮ ಚಿಹ್ನೆಗಳೇ ಇಲ್ಲದಿದ್ದುದರಿಂದ ಅಚ್ಚುಮೊಳೆ ಜೋಡಿಸುತ್ತಿದ್ದ ಜಾನ್ ಗಿಲ್ಬರ್ಟ್ ತಾನೇ ಅವನ್ನು ಹಾಕುತ್ತ ಹೋದ. ಪುಸ್ತಕದ ಹೆಸರು ಮಾರ್ಮನ್ ಗ್ರಂಥ. ಅದನ್ನು ಮುದ್ರಣಾಲಯಕ್ಕೆ ತಂದವನು 24 ವರ್ಷದ ಜೋಸೆಫ್ ಸ್ಮಿತ್. ಇದು ತಾನು ಬರೆದ ಪುಸ್ತಕವಲ್ಲ, ಚಿನ್ನದ ತಗಡುಗಳ ಮೇಲೆ ಕೆತ್ತಿದ್ದ ಪುರಾತನ ಲಿಪಿಯಿಂದ ದೈವಬಲದಿಂದ ಅನುವಾದಿಸಿದ್ದು ಎಂದು ಅವನು ಹೇಳುತ್ತಿದ್ದ.

ಹನ್ನೊಂದು ದಿನ ಕಳೆದು, ಏಪ್ರಿಲ್ 6ರಂದು, ಫೆಯೆಟ್ ಎಂಬಲ್ಲಿ ವಿಟ್ಮರ್ ಎಂಬ ರೈತನ ಮನೆಯಲ್ಲಿ ಸ್ಮಿತ್ ಮತ್ತವನ ಸಂಗಡಿಗರು ಸೇರಿ ಹೊಸ ಸಭೆಯೊಂದನ್ನು ಸ್ಥಾಪಿಸಿದರು. ಇಂದು ಅದರ ಸದಸ್ಯರು ಲೋಕದಾದ್ಯಂತ 1 ಕೋಟಿ 70 ಲಕ್ಷಕ್ಕೂ ಹೆಚ್ಚು. ಹೊರಗಿನವರು ಇವರನ್ನು ಮಾರ್ಮನ್ನರು ಎನ್ನುತ್ತಾರೆ. ಅವರು ಹೇಳಿಕೊಳ್ಳುವ ಹೆಸರು ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ. 2018ರಲ್ಲಿ ಸಭೆಯ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ ಅವರು ಪೂರ್ಣ ಹೆಸರನ್ನೇ ಬಳಸಬೇಕೆಂದು ಎಲ್ಲರನ್ನೂ ಕೇಳಿಕೊಂಡರು. ಕೇಳುಗರಿಗೆ ಹೆಚ್ಚು ಪರಿಚಿತವಾದುದರಿಂದ ಈ ಭಾಷಣದಲ್ಲಿ ಹಳೆಯ ಹೆಸರೂ ಬರುತ್ತದೆ. ಅದರಲ್ಲಿ ಅಗೌರವವಿಲ್ಲ.

ದೊಡ್ಡ ಧರ್ಮಗಳಲ್ಲಿ ಹೆಚ್ಚಿನವುಗಳ ಹುಟ್ಟು ಕಾಲದ ಮಬ್ಬಿನಲ್ಲಿ ಅಡಗಿದೆ. ಈ ಮತ ಹುಟ್ಟಿದ್ದು ಪತ್ರಿಕೆಗಳ ಕಾಲದಲ್ಲಿ. ಸ್ಥಾಪಕನ ದಿನಚರಿ, ಅವನ ಮೇಲಿನ ಮೊಕದ್ದಮೆಯ ಕಡತ, ಸಾಲದ ಪತ್ರ, ವಿರೋಧಿಗಳ ಲೇಖನ ಎಲ್ಲವೂ ಉಳಿದಿವೆ. ಇಷ್ಟೊಂದು ದಾಖಲೆಯ ನಡುವೆಯೂ ಈ ಮತ ಬೆಳೆದು ನಿಂತದ್ದು ಒಂದು ನಂಬಿಕೆಯ ಬಲದಿಂದ. ದೇವರು ಹಿಂದೆ ಬೈಬಲಿನ ಪ್ರವಾದಿಗಳಾದ ಮೋಶೆಯ ಸಂಗಡ, ಯೆಶಾಯನ ಸಂಗಡ ಮಾತಾಡಿದಂತೆ ಇಂದೂ ಮಾತಾಡುತ್ತಾನೆ, ಆದ್ದರಿಂದ ಧರ್ಮಗ್ರಂಥ ಇನ್ನೂ ಮುಗಿದಿಲ್ಲ ಎಂಬುದೇ ಆ ನಂಬಿಕೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾರ್ಮನ್ನರ ಶಾಸ್ತ್ರ, ಆಚಾರ, ಇತಿಹಾಸ, ಅವರು ಮಾಡಿಕೊಂಡ ಬದಲಾವಣೆಗಳು ಎಲ್ಲಕ್ಕೂ ಒಂದು ಸೂತ್ರ ಸಿಗುತ್ತದೆ.

ಜೋಸೆಫ್ ಸ್ಮಿತ್ ಹುಟ್ಟಿದ್ದು 1805ರ ಡಿಸೆಂಬರ್ 23ರಂದು, ವರ್ಮಾಂಟ್ ರಾಜ್ಯದ ಶೇರನ್ ಎಂಬಲ್ಲಿ. ತಂದೆಯದು ಬಡ ಬೇಸಾಯ. ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು ಅದರ ಬೂದಿ ಆಕಾಶವನ್ನೆಲ್ಲ ಕವಿದಿತ್ತು. ಮರುವರ್ಷ ವರ್ಮಾಂಟಿನಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹಾಳಾಯಿತು. ಸ್ಮಿತ್ ಕುಟುಂಬ ಊರು ಬಿಟ್ಟು ಪಾಲ್ಮೈರಾ ಕಡೆಗೆ ಗುಳೆ ಹೊರಟಿತು. ಆ ಸೀಮೆಯಲ್ಲಿ ಆಗ ಧಾರ್ಮಿಕ ಉತ್ಸಾಹ ಕಾಡುಗಿಚ್ಚಿನಂತೆ ಹಬ್ಬಿತ್ತು. ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್ ಬೋಧಕರು ಪೈಪೋಟಿಯಲ್ಲಿ ಜನರನ್ನು ಸೆಳೆಯುತ್ತಿದ್ದರು. ಒಂದೇ ಮನೆಯವರು ಬೇರೆ ಬೇರೆ ಸಭೆಗಳಿಗೆ ಹಂಚಿಹೋಗುತ್ತಿದ್ದರು.

ಯಾವ ಸಭೆ ಸರಿ ಎಂದು ತಿಳಿಯದೆ ತೊಳಲಿದ 14 ವರ್ಷದ ಜೋಸೆಫ್, ಜ್ಞಾನ ಬೇಕಾದವನು ದೇವರನ್ನೇ ಕೇಳಲಿ ಎಂಬ ಅರ್ಥದ, ಬೈಬಲಿನ ಯಾಕೋಬನ ಪತ್ರಿಕೆಯ ಮಾತನ್ನು ಓದಿದ. 1820ರ ವಸಂತದಲ್ಲಿ ಮನೆಯ ಬಳಿಯ ತೋಪಿಗೆ ಹೋಗಿ ಮೊಣಕಾಲೂರಿ ಪ್ರಾರ್ಥಿಸಿದ. ತಂದೆಯಾದ ದೇವರೂ ಯೇಸು ಕ್ರಿಸ್ತನೂ ಬೆಳಕಿನ ಕಂಬದಲ್ಲಿ ಕಾಣಿಸಿಕೊಂಡು ಈ ಯಾವ ಸಭೆಯನ್ನೂ ಸೇರಬೇಡ ಎಂದರೆಂದು ಅವನ 1838ರ ಕಥನ ಹೇಳುತ್ತದೆ. ಸಭೆ ಅಧಿಕೃತವೆಂದು ಒಪ್ಪಿರುವುದು ಈ ಕಥನವನ್ನು. 1832ರಲ್ಲಿ ಅವನೇ ಬರೆದ ಇನ್ನೊಂದು ಕಥನದಲ್ಲಿ ಪಾಪಕ್ಷಮೆಯ ಮಾತು ಮುಖ್ಯವಾಗಿದೆ, ವಿವರಗಳೂ ಬೇರೆ. ಈ ವ್ಯತ್ಯಾಸವನ್ನು ವಿಮರ್ಶಕರು ಎತ್ತಿ ತೋರಿಸುತ್ತಾರೆ. ಒಂದೇ ಅನುಭವವನ್ನು ಬೇರೆ ಬೇರೆ ಸಂದರ್ಭದಲ್ಲಿ ಹೇಳುವಾಗ ಒತ್ತು ಬದಲಾಗುವುದು ಸಹಜ ಎಂದು ನಂಬಿದವರು ಉತ್ತರಿಸುತ್ತಾರೆ.

1823ರ ಸೆಪ್ಟೆಂಬರಿನ ಒಂದು ರಾತ್ರಿ ಮೊರೋನೈ ಎಂಬ ದೇವದೂತ ಕಾಣಿಸಿಕೊಂಡು, ಹತ್ತಿರದ ಗುಡ್ಡದಲ್ಲಿ ಚಿನ್ನದ ತಗಡುಗಳ ಗ್ರಂಥ ಹೂತಿದೆ ಎಂದನಂತೆ. ಕುಮೋರಾ ಎಂದು ಹೆಸರಾದ ಆ ಗುಡ್ಡಕ್ಕೆ ಸ್ಮಿತ್ ವರ್ಷಕ್ಕೊಮ್ಮೆ ಹೋಗಿಬರುತ್ತಿದ್ದ. ತಗಡುಗಳು ಕೈಗೆ ಬಂದದ್ದು 1827ರ ಸೆಪ್ಟೆಂಬರ್ 22ರಂದು. ಈ ನಡುವಿನ ಕಾಲದಲ್ಲಿ ಅವನು ಕಲ್ಲು ನೋಡಿ ನಿಧಿ ಹುಡುಕಿಕೊಡುವ ಕೆಲಸಕ್ಕೂ ಹೋಗಿದ್ದ. ಅದೇ ಕಾರಣಕ್ಕೆ 1826ರಲ್ಲಿ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಯಿತು. ಹಳ್ಳಿಗಾಡಿನ ಅಂದಿನ ಅಮೆರಿಕದಲ್ಲಿ ಇಂಥ ನಂಬಿಕೆಗಳು ಬೈಬಲ್ ಭಕ್ತಿಯ ಜೊತೆಜೊತೆಗೇ ಬದುಕಿದ್ದವು.

ಅನುವಾದದ ಕಥೆ ಕುತೂಹಲಕರವಾದುದು. ಸ್ಮಿತ್ ಒಂದು ಕಲ್ಲನ್ನು ಟೋಪಿಯೊಳಗಿಟ್ಟು, ಬೆಳಕು ಬೀಳದಂತೆ ಮುಖವನ್ನು ಅದರಲ್ಲಿ ಹುದುಗಿಸಿ ವಾಕ್ಯಗಳನ್ನು ಹೇಳುತ್ತಿದ್ದ, ಎದುರಿಗೆ ಕುಳಿತವರು ಬರೆದುಕೊಳ್ಳುತ್ತಿದ್ದರು ಎಂದು ಕಂಡವರು ಹೇಳಿದ್ದಾರೆ. ಆ ಕಲ್ಲು ಸಭೆಯ ವಶದಲ್ಲಿದೆ. 2015ರಲ್ಲಿ ಸಭೆಯೇ ಅದರ ಛಾಯಾಚಿತ್ರಗಳನ್ನು ಪ್ರಕಟಿಸಿತು. ಮೊದಲು ಬರೆದುಕೊಂಡವರಲ್ಲಿ ಹೆಂಡತಿ ಎಮ್ಮಾ ಇದ್ದಳು, ಬಳಿಕ ಮಾರ್ಟಿನ್ ಹ್ಯಾರಿಸ್ ಬಂದ. 1828ರಲ್ಲಿ ಹ್ಯಾರಿಸ್ ತನ್ನ ಹೆಂಡತಿಗೆ ತೋರಿಸುತ್ತೇನೆಂದು 116 ಹಾಳೆ ಒಯ್ದು ಕಳೆದುಕೊಂಡ. ಅವು ಮತ್ತೆ ಸಿಗಲೇ ಇಲ್ಲ. ಸ್ಮಿತ್ ಆ ಭಾಗವನ್ನು ಮತ್ತೆ ಅನುವಾದಿಸಲಿಲ್ಲ. ಅದೇ ಕಾಲದ ಕಥೆಯನ್ನು ಹೇಳುವ ಬೇರೆ ತಗಡುಗಳ ಭಾಗವನ್ನು ಅಲ್ಲಿ ಸೇರಿಸಿದ. 1829ರ ಏಪ್ರಿಲಿನಲ್ಲಿ ಆಲಿವರ್ ಕೌಡರಿ ಎಂಬ ಶಾಲಾ ಶಿಕ್ಷಕ ಬರೆಯಲು ಕುಳಿತ ಮೇಲೆ ಮೂರು ತಿಂಗಳೊಳಗೆ ಹೆಚ್ಚುಕಡಿಮೆ ಇಡೀ ಪುಸ್ತಕ ಸಿದ್ಧವಾಯಿತು.

ತಗಡುಗಳನ್ನು ಕಂಡೆವೆಂದು ಹನ್ನೊಂದು ಮಂದಿ ಸಹಿ ಹಾಕಿದ ಸಾಕ್ಷ್ಯ ಇಂದಿಗೂ ಪ್ರತಿಯೊಂದು ಪ್ರತಿಯ ಆರಂಭದಲ್ಲಿದೆ. ಅವರಲ್ಲಿ ಪ್ರಮುಖರಾದ ಕೌಡರಿ, ಹ್ಯಾರಿಸ್, ಡೇವಿಡ್ ವಿಟ್ಮರ್ ಮೂವರೂ ಮುಂದೆ ಸ್ಮಿತ್‌ನೊಂದಿಗೆ ಜಗಳವಾಡಿ ಸಭೆಯಿಂದ ಹೊರಬಿದ್ದರು. ಆದರೂ ತಮ್ಮ ಸಾಕ್ಷ್ಯವನ್ನು ಹಿಂದೆಗೆದುಕೊಳ್ಳಲಿಲ್ಲ. ತಗಡುಗಳನ್ನು ದೇವದೂತ ಮರಳಿ ಒಯ್ದ ಎಂಬುದು ಸ್ಮಿತ್‌ನ ಮಾತು. ಹಾಗಾಗಿ ಪರೀಕ್ಷಿಸಲು ಇಂದು ಉಳಿದಿರುವುದು ಪಠ್ಯ ಮಾತ್ರ.

ಆ ಪಠ್ಯದಲ್ಲಿ ಏನಿದೆ? ಕ್ರಿಸ್ತಪೂರ್ವ 600ರ ಸುಮಾರಿಗೆ ಲೀಹೈ ಎಂಬ ಪ್ರವಾದಿ ಯೆರೂಸಲೇಮಿನ ನಾಶವನ್ನು ಮುಂಗಂಡು ಹೆಂಡತಿ ಮಕ್ಕಳೊಡನೆ ಅರಣ್ಯಕ್ಕೆ ಹೊರಡುತ್ತಾನೆ. ಕಿರಿಯ ಮಗ ನೀಫೈ ತಂದೆಯನ್ನು ನಂಬುತ್ತಾನೆ. ಹಿರಿಯರಾದ ಲೇಮನ್ ಮತ್ತು ಲೆಮ್ಯುಎಲ್ ಗೊಣಗುತ್ತಾರೆ. ದಾರಿ ತೋರಲು ಹಿತ್ತಾಳೆಯ ಗೋಳವೊಂದು ಸಿಗುತ್ತದೆ, ಮನೆಯವರು ಶ್ರದ್ಧೆಯಿಂದಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಹಡಗು ಕಟ್ಟಿ ಸಮುದ್ರ ದಾಟಿ ಅವರು ಅಮೆರಿಕ ಖಂಡಕ್ಕೆ ಬರುತ್ತಾರೆ. ಅಣ್ಣತಮ್ಮಂದಿರ ವೈರ ಎರಡು ಜನಾಂಗಗಳ ವೈರವಾಗಿ ಬೆಳೆಯುತ್ತದೆ: ನೀಫೈಟರು, ಲೇಮನೈಟರು. ಸಾವಿರ ವರ್ಷಗಳ ಯುದ್ಧ, ಸಂಧಿ, ಬೋಧನೆ, ಪತನ ಪುಸ್ತಕವನ್ನು ತುಂಬಿವೆ. ತಾನೇ ಹೊಲ ಉತ್ತು ಉಣ್ಣುವ ಬೆಂಜಮಿನ್ ಎಂಬ ರಾಜ ಗೋಪುರದ ಮೇಲೆ ನಿಂತು, ಜನರ ಸೇವೆಯೇ ದೇವರ ಸೇವೆ ಎಂದು ಬೋಧಿಸುತ್ತಾನೆ. ಅಬಿನಡೈ ಎಂಬ ಪ್ರವಾದಿ ದುಷ್ಟ ರಾಜನನ್ನು ಖಂಡಿಸಿ ಬೆಂಕಿಗೆ ಆಹುತಿಯಾಗುತ್ತಾನೆ.

ಗ್ರಂಥದ ಶಿಖರವೆಂದರೆ ಕ್ರಿಸ್ತನ ಆಗಮನ. ಯೆರೂಸಲೇಮಿನಲ್ಲಿ ಶಿಲುಬೆಗೇರಿ ಪುನರುತ್ಥಾನಗೊಂಡ ಯೇಸು ಅಮೆರಿಕದ ಈ ಜನರ ನಡುವೆ ಇಳಿದು, ಗಾಯದ ಗುರುತುಗಳನ್ನು ಮುಟ್ಟಲು ಬಿಟ್ಟು, ಅವರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹರಸುತ್ತಾನೆ. ಬಳಿಕ ಇನ್ನೂರು ವರ್ಷ ಅವರಲ್ಲಿ ಬಡವ ಬಲ್ಲಿದರೆಂಬ ಭೇದವಿರುವುದಿಲ್ಲ. ಆಮೇಲೆ ಗರ್ವ, ಆಡಂಬರದ ಬಟ್ಟೆ, ಪಂಗಡ, ಮತ್ತೆ ಯುದ್ಧ. ಸೋಲುತ್ತಿರುವ ಸೇನೆಯ ದಂಡನಾಯಕ ಮಾರ್ಮನ್ ತನ್ನ ಜನಾಂಗದ ಚರಿತ್ರೆಯನ್ನು ಸಂಕ್ಷೇಪಿಸಿ ಚಿನ್ನದ ತಗಡುಗಳ ಮೇಲೆ ಕೆತ್ತುತ್ತಾನೆ. ಗ್ರಂಥಕ್ಕೆ ಅವನದೇ ಹೆಸರು. ಒಂಟಿಯಾಗಿ ಉಳಿದ ಮಗ ಮೊರೋನೈ ಕ್ರಿಸ್ತಶಕ 421ರ ಸುಮಾರಿಗೆ ಅದನ್ನು ಮುಗಿಸಿ ಮುದ್ರೆಯೊತ್ತಿ ಹೂಳುತ್ತಾನೆ. ಇದನ್ನು ಓದಿದವರು ನಿಜವೋ ಸುಳ್ಳೋ ಎಂದು ದೇವರನ್ನೇ ಕೇಳಲಿ ಎಂಬುದು ಅವನ ಕೊನೆಯ ಸವಾಲು. ಇಂದಿಗೂ ಮಾರ್ಮನ್ ಮಿಷನರಿಗಳು ಹೊಸಬರ ಮುಂದಿಡುವುದು ಇದೇ ಸವಾಲನ್ನು.

ಇತಿಹಾಸಕಾರರು ಈ ಕಥೆಯನ್ನು ಚರಿತ್ರೆಯೆಂದು ಒಪ್ಪುವುದಿಲ್ಲ. ಗ್ರಂಥದಲ್ಲಿ ಬರುವ ಕುದುರೆ, ಉಕ್ಕು, ಗೋಧಿ ಆ ಕಾಲದ ಅಮೆರಿಕದಲ್ಲಿ ಇದ್ದುದಕ್ಕೆ ಪುರಾತತ್ವದ ಆಧಾರ ಸಿಕ್ಕಿಲ್ಲ. ಅಮೆರಿಕದ ಮೂಲನಿವಾಸಿಗಳ ಪೂರ್ವಜರು ಏಷ್ಯದ ಈಶಾನ್ಯ ಭಾಗದಿಂದ ಬಂದವರೆಂದು ವಂಶವಾಹಿ ಅಧ್ಯಯನ ತೋರಿಸುತ್ತದೆ. ಲೇಮನೈಟರೇ ಅವರ ಪ್ರಧಾನ ಪೂರ್ವಜರು ಎಂದಿದ್ದ ಪೀಠಿಕೆಯ ಮಾತನ್ನು ಸಭೆ ಬದಲಿಸಿ, ಪೂರ್ವಜರಲ್ಲಿ ಅವರೂ ಸೇರಿದ್ದಾರೆ ಎಂದು ಮಾಡಿತು. ಕಥೆ ನಡೆದದ್ದು ಮಧ್ಯ ಅಮೆರಿಕದ ಸಣ್ಣದೊಂದು ಪ್ರದೇಶದಲ್ಲಿ, ಬಂದವರು ದೊಡ್ಡ ಜನಸಾಗರದಲ್ಲಿ ಕರಗಿಹೋದರು ಎಂದು ಅನೇಕ ಮಾರ್ಮನ್ ವಿದ್ವಾಂಸರು ವಾದಿಸುತ್ತಾರೆ. ಆದರೆ ಸಾಮಾನ್ಯ ಭಕ್ತ ಈ ಗ್ರಂಥವನ್ನು ಹಿಡಿಯುವುದು ಪುರಾತತ್ವಕ್ಕಾಗಿ ಅಲ್ಲ. ಪ್ರಾರ್ಥಿಸಿ ಓದಿದಾಗ ಎದೆಯಲ್ಲಿ ಮೂಡಿದ ನಿಶ್ಚಯವೇ ಅವನಿಗೆ ಪ್ರಮಾಣ.

ಮಾರ್ಮನ್ ಗ್ರಂಥ ಒಂದೇ ಅವರ ಶಾಸ್ತ್ರವಲ್ಲ. ಬೈಬಲ್ ಮೊದಲನೆಯದು. ಮೂರನೆಯದು ಸಿದ್ಧಾಂತ ಮತ್ತು ಒಡಂಬಡಿಕೆಗಳು. ಸ್ಮಿತ್ ಮತ್ತು ಕೆಲವು ಉತ್ತರಾಧಿಕಾರಿಗಳಿಗೆ ಬಂದ ದೇವವಾಣಿಗಳ ಈ ಸಂಗ್ರಹ 1835ರಲ್ಲಿ ಪ್ರಕಟವಾಯಿತು. ಇದರಲ್ಲಿ ಈಗ 138 ಪ್ರಕರಣಗಳಿವೆ. ನಾಲ್ಕನೆಯದು ಅಮೂಲ್ಯ ಮುತ್ತು. ಅದರಲ್ಲಿರುವ ಅಬ್ರಹಾಮನ ಪುಸ್ತಕ ತೀವ್ರ ಚರ್ಚೆಗೆ ಗುರಿಯಾಗಿದೆ. 1835ರಲ್ಲಿ ಸ್ಮಿತ್ ಈಜಿಪ್ಟಿನ ಮಮ್ಮಿಗಳ ಜೊತೆ ಪಪೈರಸ್ ಸುರುಳಿಗಳನ್ನು ಕೊಂಡು, ಇವು ಅಬ್ರಹಾಮನ ಬರಹ ಎಂದಿದ್ದ. ನಾಶವಾದವೆಂದುಕೊಂಡಿದ್ದ ಆ ಸುರುಳಿಗಳ ಕೆಲವು ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾಗಿ 1967ರಲ್ಲಿ ಸಭೆಯ ಕೈಸೇರಿದವು. ಈಜಿಪ್ಟ್ ತಜ್ಞರು ಓದಿ ನೋಡಿದರೆ ಅವು ಶವಸಂಸ್ಕಾರದ ಸಾಮಾನ್ಯ ಪಠ್ಯಗಳು. ಅದನ್ನು ಸಭೆಯೂ ಒಪ್ಪಿದೆ. ಸುರುಳಿ ಕೇವಲ ನಿಮಿತ್ತವಾಗಿ ದೈವಪ್ರೇರಣೆಯಿಂದ ಆ ಪುಸ್ತಕ ಬಂದಿರಬಹುದು ಎಂಬುದು ಸಭೆ ಮುಂದಿಡುವ ವಿವರಣೆಗಳಲ್ಲೊಂದು.

ನಂಬಿಕೆಗಳ ವಿಷಯಕ್ಕೆ ಬಂದರೆ, ಯೇಸು ದೇವರ ಮಗ, ಲೋಕದ ರಕ್ಷಕ ಎಂಬಲ್ಲಿ ಇವರು ಇತರ ಕ್ರೈಸ್ತರ ಜೊತೆ ನಿಲ್ಲುತ್ತಾರೆ. ತ್ರಿಯೇಕ ದೇವರ ತತ್ತ್ವದಲ್ಲಿ ದಾರಿ ಬೇರೆಯಾಗುತ್ತದೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಬೇರೆ ಬೇರೆ, ಉದ್ದೇಶದಲ್ಲಿ ಮಾತ್ರ ಒಂದು, ತಂದೆಗೂ ಮಗನಿಗೂ ಮಾಂಸ ಮೂಳೆಗಳ ಪರಿಪೂರ್ಣ ದೇಹವಿದೆ ಎನ್ನುತ್ತಾರೆ. ಈ ಭೇದದಿಂದಾಗಿ ಇವರ ದೀಕ್ಷಾಸ್ನಾನ ಸಿಂಧುವಲ್ಲವೆಂದು 2001ರಲ್ಲಿ ವ್ಯಾಟಿಕನ್ ತೀರ್ಮಾನಿಸಿತು.

ಮನುಷ್ಯನ ಜೀವ ಹುಟ್ಟಿನಿಂದ ಆರಂಭವಾಗುವುದಲ್ಲ, ಅದಕ್ಕೂ ಮೊದಲು ಎಲ್ಲರೂ ದೇವರ ಮಕ್ಕಳಾಗಿ ಆತ್ಮಲೋಕದಲ್ಲಿದ್ದರು ಎಂಬುದು ಇವರ ಬೋಧೆ. ಭೂಮಿಗೆ ಬಂದದ್ದು ದೇಹ ಪಡೆದು, ಆಯ್ಕೆ ಮಾಡುವುದನ್ನು ಕಲಿತು ಬೆಳೆಯುವುದಕ್ಕೆ. ಆದಾಮನ ಪಾಪ ಕೂಸಿಗೆ ಅಂಟುವುದಿಲ್ಲ, ಆದ್ದರಿಂದ ದೀಕ್ಷಾಸ್ನಾನ ಎಂಟು ವರ್ಷ ತುಂಬಿದ ಮೇಲೆ. ಮರಣಾನಂತರ ಹೆಚ್ಚುಕಡಿಮೆ ಎಲ್ಲರಿಗೂ ಮೂರು ಮಹಿಮಾಲೋಕಗಳಲ್ಲಿ ಒಂದು ದೊರೆಯುತ್ತದೆ. ಅತ್ಯುನ್ನತ ಲೋಕದಲ್ಲಿ ಮನುಷ್ಯರು ದೇವರಂತೆಯೇ ಆಗುವವರೆಗೆ ಬೆಳೆಯಬಹುದು. ದೇವಾಲಯದಲ್ಲಿ ನಡೆದ ಮದುವೆ ಸಾವಿನೊಂದಿಗೆ ಮುಗಿಯುವುದಿಲ್ಲ, ಗಂಡ ಹೆಂಡತಿ ಮಕ್ಕಳ ಬಂಧ ಅನಂತಕಾಲ ಉಳಿಯುತ್ತದೆ.

ಹಾಗಾದರೆ ಈ ಬೋಧೆ ಕೇಳದೆಯೇ ಸತ್ತ ಕೋಟ್ಯಂತರ ಜನರ ಗತಿ ಏನು? 1840ರಲ್ಲಿ ಸ್ಮಿತ್ ಇದಕ್ಕೆ ಉತ್ತರ ಕೊಟ್ಟ. ಬದುಕಿರುವವರು ತೀರಿಹೋದ ಪೂರ್ವಜರ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯಬಹುದು, ಒಪ್ಪುವುದೂ ಬಿಡುವುದೂ ಪರಲೋಕದಲ್ಲಿರುವ ಆ ಆತ್ಮಕ್ಕೆ ಸೇರಿದ್ದು. ಅದಕ್ಕೆ ಪೂರ್ವಜರ ಹೆಸರು ಬೇಕು. ಈ ಅಗತ್ಯದಿಂದ ಬೆಳೆದದ್ದು ಜಗತ್ತಿನ ಅತಿದೊಡ್ಡ ವಂಶಾವಳಿ ಸಂಗ್ರಹ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ಪೀಳಿಗೆ ಹೇಳಿದಂಥ ಕೆಲಸವನ್ನೇ ಇವರು ಮೈಕ್ರೊಫಿಲ್ಮಿನಲ್ಲಿ ಮಾಡಿದರು. ಅಮೆರಿಕದ ಯೂಟಾ ರಾಜ್ಯದ ಗ್ರಾನೈಟ್ ಬೆಟ್ಟವನ್ನು ಕೊರೆದು ಮಾಡಿದ ಉಗ್ರಾಣದಲ್ಲಿ ಲಕ್ಷಾಂತರ ಸುರುಳಿಗಳಿವೆ. ಹರಿದ್ವಾರದ ಪಂಡಾ ಪುರೋಹಿತರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಯಾತ್ರಿಕರ ವಹಿಗಳ ಚಿತ್ರಗಳೂ ಆ ಸಂಗ್ರಹದಲ್ಲಿವೆ. ಮತ ಯಾವುದಾದರೂ ಸರಿ, ತಮ್ಮ ವಂಶ ಹುಡುಕುವವರು ಸಭೆಯ ಫ್ಯಾಮಿಲಿಸರ್ಚ್ ಜಾಲತಾಣವನ್ನು ಹಣ ಕೊಡದೆ ಬಳಸಬಹುದು.

ದಿನನಿತ್ಯದ ಬಾಳಿನಲ್ಲಿ ಶಿಸ್ತು ಕಟ್ಟುನಿಟ್ಟು. 1833ರ ಒಂದು ದೇವವಾಣಿಯ ಪ್ರಕಾರ ಮದ್ಯ, ತಂಬಾಕು, ಕಾಫಿ, ಚಹಾ ವರ್ಜ್ಯ. ಆದಾಯದ ಹತ್ತನೇ ಒಂದು ಭಾಗ ದಶಮಾಂಶವಾಗಿ ಸಭೆಗೆ. ತಿಂಗಳಿಗೊಂದು ಭಾನುವಾರ ಉಪವಾಸ, ಉಳಿದ ಊಟದ ಹಣ ಬಡವರಿಗೆ. ಊರ ಸಭೆಯನ್ನು ನೋಡಿಕೊಳ್ಳುವ ಬಿಷಪ್ಪನಿಗೆ ಸಂಬಳವಿಲ್ಲ. ಅವನು ವಾರವೆಲ್ಲ ವಕೀಲನೋ ಅಂಗಡಿಕಾರನೋ ಆಗಿ ದುಡಿಯುವ ಸಾಮಾನ್ಯ ಗೃಹಸ್ಥ. ಎದೆಯ ಮೇಲೆ ಹೆಸರಿನ ಫಲಕ ಧರಿಸಿ ಇಬ್ಬಿಬ್ಬರಾಗಿ ಓಡಾಡುವ ಯುವಕರು ಎರಡು ವರ್ಷ, ಯುವತಿಯರು ಹದಿನೆಂಟು ತಿಂಗಳು ಸಂಬಳವಿಲ್ಲದೆ ಮಿಷನರಿಗಳಾಗಿರುತ್ತಾರೆ.

ಈ ನಂಬಿಕೆಗಾಗಿ ಮೊದಲ ತಲೆಮಾರು ತೆತ್ತ ಬೆಲೆ ದೊಡ್ಡದು. ಒಹಾಯೊದ ಕರ್ಟ್ಲಂಡಿನಲ್ಲಿ ಮೊದಲ ದೇವಾಲಯ ಕಟ್ಟಿದರು, ಮಿಸ್ಸೂರಿಯಲ್ಲಿ ಚೀಯೋನ್ ಎಂಬ ಪವಿತ್ರ ನಗರ ಕಟ್ಟಹೊರಟರು. ಗುಂಪಾಗಿ ನೆಲೆಸಿ, ಗುಂಪಾಗಿ ಮತ ಹಾಕಿ, ಭೂಮಿ ಕೊಳ್ಳುತ್ತಿದ್ದ ಇವರನ್ನು ಕಂಡು ಸ್ಥಳೀಯರು ಬೆದರಿದರು. 1838ರ ಅಕ್ಟೋಬರ್ 27ರಂದು ಮಿಸ್ಸೂರಿಯ ಗವರ್ನರ್ ಲಿಲ್ಬರ್ನ್ ಬಾಗ್ಸ್, ಮಾರ್ಮನ್ನರನ್ನು ನಿರ್ಮೂಲ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಎಂದು ಆಜ್ಞೆ ಹೊರಡಿಸಿದ. ಮೂರು ದಿನಗಳಲ್ಲಿ ಹಾನ್ಸ್ ಮಿಲ್ ಎಂಬಲ್ಲಿ 17 ಮಂದಿ ಹತರಾದರು. ಆ ಆಜ್ಞೆಯನ್ನು ರಾಜ್ಯ ವಿಧಿವತ್ತಾಗಿ ಹಿಂದೆಗೆದುಕೊಂಡದ್ದು 1976ರಲ್ಲಿ.

ಇಲಿನಾಯ್ ರಾಜ್ಯದ ನಾವೂ ಎಂಬಲ್ಲಿ, ಮಿಸಿಸಿಪ್ಪಿ ನದಿಯ ಜೌಗು ನೆಲದಲ್ಲಿ ಅವರು ಮತ್ತೆ ನಗರ ಕಟ್ಟಿದರು. ಅಲ್ಲಿಯೇ ಸ್ಮಿತ್ ಗುಟ್ಟಾಗಿ ಬಹುಪತ್ನಿತ್ವವನ್ನು ಬೋಧಿಸಿ ಆಚರಿಸಿದ. ಸಭೆ ಬಿಟ್ಟವರು 1844ರ ಜೂನಿನಲ್ಲಿ ಪತ್ರಿಕೆಯೊಂದರಲ್ಲಿ ಅದನ್ನು ಬಯಲು ಮಾಡಿದರು. ನಗರಾಧ್ಯಕ್ಷನಾಗಿದ್ದ ಸ್ಮಿತ್ ಆ ಪತ್ರಿಕೆಯ ಅಚ್ಚಿನ ಯಂತ್ರವನ್ನು ಒಡೆಸಿಹಾಕಿದ. ಅದು ಅಕ್ಷಮ್ಯವಾದ ತಪ್ಪು. ಆದರೆ ಅದಕ್ಕೆ ಸಿಕ್ಕ ಶಿಕ್ಷೆ ಯಾವ ನ್ಯಾಯಾಲಯವೂ ಕೊಟ್ಟದ್ದಲ್ಲ. ಜೂನ್ 27ರಂದು ಕಾರ್ತೇಜಿನ ಸೆರೆಮನೆಗೆ ನುಗ್ಗಿದ ಗುಂಪು ಅವನನ್ನೂ ಅಣ್ಣ ಹೈರಮ್‌ನನ್ನೂ ಗುಂಡಿಟ್ಟು ಕೊಂದಿತು. ಆಗ ಅವನಿಗೆ 38 ವರ್ಷ.

ಸ್ಮಿತ್‌ನ ಬಳಿಕ ಮುಂದಾಳಾದ ಬ್ರಿಗಂ ಯಂಗ್ ಹೆಚ್ಚಿನವರನ್ನು ಪಶ್ಚಿಮಕ್ಕೆ ನಡೆಸಿಕೊಂಡು ಹೋದ. 1847ರ ಜುಲೈ 24ರಂದು ಅವನು ಇಂದಿನ ಯೂಟಾದ ಸಾಲ್ಟ್ ಲೇಕ್ ಕಣಿವೆಯನ್ನು ತಲುಪಿದ. ಯೂಟಾ ರಾಜ್ಯಕ್ಕೆ ಇಂದಿಗೂ ಅದು ದೊಡ್ಡ ಹಬ್ಬ. ರೈಲು ಬರುವ 1869ರವರೆಗೆ ಸುಮಾರು 70 ಸಾವಿರ ಜನ ಆ ದಾರಿಯಲ್ಲಿ ಬಂದರು. ಎತ್ತಿನ ಬಂಡಿಗೆ ಹಣವಿಲ್ಲದವರು ಕೈಗಾಡಿ ಎಳೆದುಕೊಂಡು ನಡೆದರು. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ವಯೋಮಿಂಗಿನ ಹಿಮದಲ್ಲಿ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹಿಂಸೆ ಉಂಡವರು ಹಿಂಸೆ ಮಾಡಿದ್ದೂ ಉಂಟು. 1857ರ ಸೆಪ್ಟೆಂಬರ್ 11ರಂದು ಮೌಂಟನ್ ಮೆಡೋಸ್ ಎಂಬಲ್ಲಿ ಮಾರ್ಮನ್ ಸೇನಾತುಕಡಿಯವರು ವಲಸೆ ಹೊರಟಿದ್ದ ಸುಮಾರು 120 ಜನರನ್ನು ಮೋಸದಿಂದ ಕೊಂದರು.

ಮುಗಿಯದ ದೇವವಾಣಿಯ ತತ್ತ್ವ ಬದಲಾವಣೆಗೂ ಬಾಗಿಲು ತೆರೆದಿತ್ತು. 1852ರಲ್ಲಿ ಬಹಿರಂಗವಾಗಿ ಸಾರಿದ ಬಹುಪತ್ನಿತ್ವವನ್ನು ಅಮೆರಿಕದ ಸರ್ಕಾರ ಕಾನೂನಿನಿಂದ, ಜೈಲಿನಿಂದ, ಸಭೆಯ ಆಸ್ತಿಯ ಮುಟ್ಟುಗೋಲಿನಿಂದ ಎದುರಿಸಿತು. 1890ರಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ದೇವರ ಅಪ್ಪಣೆಯೆಂದು ಅದನ್ನು ಕೊನೆಗೊಳಿಸುವ ಪ್ರಕಟಣೆ ಹೊರಡಿಸಿದ. ಆ ಅಡ್ಡಿ ಕಳೆದು 1896ರಲ್ಲಿ ಯೂಟಾ ಅಮೆರಿಕ ಒಕ್ಕೂಟದ ರಾಜ್ಯವಾಯಿತು. ಇಂದು ಎರಡನೇ ಹೆಂಡತಿಯನ್ನು ಕಟ್ಟಿಕೊಂಡವರಿಗೆ ಸಭೆಯಲ್ಲಿ ಜಾಗವಿಲ್ಲ. ಸುದ್ದಿಯಲ್ಲಿ ಬರುವ ಬಹುಪತ್ನಿತ್ವದ ಪಂಗಡಗಳು ಬೇರೆಯೇ ಸಂಘಟನೆಗಳು.

ಕಪ್ಪು ಜನರ ವಿಷಯದಲ್ಲಿ ಬದಲಾವಣೆ ಬಹಳ ತಡವಾಯಿತು. ಸ್ಮಿತ್‌ನ ಕಾಲದಲ್ಲೇ, 1836ರಲ್ಲಿ, ಎಲೈಜಾ ಏಬಲ್ ಎಂಬ ಕಪ್ಪು ವರ್ಣೀಯ ಪೌರೋಹಿತ್ಯದ ದೀಕ್ಷೆ ಪಡೆದಿದ್ದ. ಬ್ರಿಗಂ ಯಂಗ್ 1852ರಲ್ಲಿ ಆ ಬಾಗಿಲು ಮುಚ್ಚಿದ. ಅದು ತೆರೆದದ್ದು 1978ರ ಜೂನಿನಲ್ಲಿ, ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ಅವರು ದೇವವಾಣಿ ಬಂದಿತೆಂದು ಸಾರಿದಾಗ. ಆ ಪ್ರಕಟಣೆ ಇಂದು ಅವರ ಶಾಸ್ತ್ರಗ್ರಂಥದ ಭಾಗ. ನಡುವಿನ 126 ವರ್ಷಗಳ ಅನ್ಯಾಯವನ್ನು ಅಳಿಸಲಾಗದು. ಜನಾಂಗದ ಹೆಸರಿನಲ್ಲಿ ಅದನ್ನು ಸಮರ್ಥಿಸಿದ ಹಳೆಯ ವಾದಗಳನ್ನು ಸಭೆ ಈಗ ತಳ್ಳಿಹಾಕಿದೆ.

ಭಾರತಕ್ಕೆ ಮಾರ್ಮನ್ ಮಿಷನರಿಗಳು ಬಂದದ್ದು 1850ರ ದಶಕದಲ್ಲಿ, ಕಲ್ಕತ್ತ ಮುಂಬಯಿಗಳಿಗೆ. ಆಗ ಹೆಚ್ಚಿನ ಫಲ ಸಿಗಲಿಲ್ಲ. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡ ಮಿಷನ್ 1993ರಲ್ಲಿ ಆರಂಭವಾಯಿತು. ದೇಶದ ಮೊದಲ ಮಾರ್ಮನ್ ದೇವಾಲಯಕ್ಕೂ 2018ರಲ್ಲಿ ಆರಿಸಿದ್ದು ಬೆಂಗಳೂರನ್ನೇ. ಪ್ರತಿಷ್ಠೆಯಾದ ದೇವಾಲಯದೊಳಗೆ ಅರ್ಹ ಸದಸ್ಯರಿಗೆ ಮಾತ್ರ ಪ್ರವೇಶ. ಭಾನುವಾರದ ಆರಾಧನೆ ನಡೆಯುವ ಸಭಾಮಂದಿರಗಳಿಗೆ ಯಾರು ಬೇಕಾದರೂ ಹೋಗಬಹುದು.

ಜೋಸೆಫ್ ಸ್ಮಿತ್‌ನ ದಿನಚರಿ, ಪತ್ರ, ವ್ಯವಹಾರದ ಕಾಗದಗಳನ್ನು ಸಭೆಯೇ 2008ರಿಂದ 2023ರವರೆಗೆ 27 ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಅನುಕೂಲವಾದದ್ದೂ ಇರುಸುಮುರುಸಿನದೂ ಅಲ್ಲಿ ಒಟ್ಟಿಗೇ ಇವೆ, ಜಾಲತಾಣದಲ್ಲೂ ಸಿಗುತ್ತವೆ. ಕೇಳುಗರಲ್ಲಿ ಕುತೂಹಲವುಳ್ಳವರು ಮೊದಲು ಮಾರ್ಮನ್ ಗ್ರಂಥದಲ್ಲಿ ಕ್ರಿಸ್ತನ ಆಗಮನವನ್ನು ಹೇಳುವ ಮೂರನೇ ನೀಫೈ ಭಾಗವನ್ನು ಓದಲಿ. ಬಳಿಕ ಈ ದಾಖಲೆಗಳನ್ನೂ ನೋಡಲಿ. ಆಮೇಲೆ ಈ ಮತದವರು ಯಾರಾದರೂ ಪರಿಚಯವಾದರೆ, ಕೇಳಬೇಕೆನಿಸಿದ್ದನ್ನು ಅವರನ್ನೇ ಕೇಳಲಿ.